ಲ್ಯಾಪ್‌ಟಾಪ್ ನಿದ್ದೆಯಿಂದ ಏಳ್ತಾ ಇಲ್ವಾ?

ಮಳೆ ಹಿಡಿದರೆ ಮೂಡಿಗೆರೆ ಕಡೆ ಕರೆಂಟಿನ ಕಥೆ ಗೊತ್ತೇ ಇದೆ ಅಲ್ವಾ. ಮೊನ್ನೆ ತೋಟದ ಕೂಲಿ ಲೆಕ್ಕ ಅರ್ಧಕ್ಕೆ ಬಿಟ್ಟು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಸಂಜೆ ತೆಗೆದರೆ ಪರದೆ ಪೂರ್ತಿ ಕಪ್ಪು. ಪವರ್ ದೀಪ ಮಾತ್ರ ಉರಿಯುತ್ತಿತ್ತು.

ದೀಪ ಉರಿಯುತ್ತಿದ್ದರೆ ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿಯಬೇಡಿ. ಸೇವ್ ಮಾಡದ ಕೆಲಸ ಸುಮ್ನೆ ಹಾಳಾಗುತ್ತದೆ. ವಿಂಡೋಸ್ ಇದ್ದರೆ ಮೊದಲು ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಇದು ಪರದೆಯಲ್ಲಿ ಚಿತ್ರ ಮೂಡಿಸಲು ನೆರವಾಗುವ ಸಾಫ್ಟ್‌ವೇರ್ ಆದ ಗ್ರಾಫಿಕ್ಸ್ ಡ್ರೈವರನ್ನು ಮಾತ್ರ ಮತ್ತೆ ಶುರು ಮಾಡುತ್ತದೆ, ತೆರೆದ ಫೈಲ್‌ಗಳು ಹಾಗೇ ಇರುತ್ತವೆ. ಬೀಪ್ ಸದ್ದು ಬಂದು ಪರದೆ ಮಿನುಗಿದರೆ ಗೆದ್ದ ಹಾಗೆ. ನನ್ನ ಕೂಲಿ ಲೆಕ್ಕ ಉಳಿದದ್ದು ಹೀಗೇ. ಬೆರಳು ಸಾಲದೆ ಮಗಳನ್ನು ಕರೆಯಬೇಕಾಯಿತು, ಅದು ಬೇರೆ ವಿಷಯ!

ಇದಕ್ಕೂ ಏಳದಿದ್ದರೆ ಬೇರೆ ದಾರಿಯಿಲ್ಲ. ಚಾರ್ಜರ್, ಪೆನ್‌ಡ್ರೈವ್, ಮೌಸ್ ಎಲ್ಲ ಕಿತ್ತು, ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಚಾರ್ಜರ್ ಹಾಕಿ ಆನ್ ಮಾಡಿ.

ಪದೇ ಪದೇ ಹೀಗಾದರೆ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ. ಕಂಡಕಂಡ ಡ್ರೈವರ್ ಆ್ಯಪ್ ಬೇಡ.

ಇನ್ನೊಂದು ಮಾತು. ಸ್ಲೀಪ್‌ನಲ್ಲಿ ನಿಮ್ಮ ಕೆಲಸ ರ್‍ಯಾಮ್‌ನಲ್ಲಿ (ಕರೆಂಟ್ ಇರುವಷ್ಟು ಹೊತ್ತು ಮಾತ್ರ ನೆನಪಿಡುವ ಮೆಮೊರಿ) ಇರುತ್ತದೆ, ಬ್ಯಾಟರಿ ಪೂರ್ತಿ ಇಳಿದರೆ ಅದೂ ಹೋಗಬಹುದು. ಹೈಬರ್ನೇಟ್ ಅನ್ನೋ ಇನ್ನೊಂದು ಬಗೆಯ ನಿದ್ದೆ ಅದನ್ನು ಡಿಸ್ಕಿಗೆ ಬರೆದಿಡುತ್ತದೆ. ನಾನು ಪವರ್ ಆಪ್ಷನ್ಸ್‌ಗೆ ಹೋಗಿ, ಮುಚ್ಚಳ ಹಾಕಿದರೆ ಹೈಬರ್ನೇಟ್ ಆಗುವಂತೆ ಮಾಡಿಟ್ಟಿದ್ದೇನೆ. ಏಳಲು ಸ್ವಲ್ಪ ಜಾಸ್ತಿ ಹೊತ್ತು ಬೇಕು, ಅಷ್ಟೇ.