ವಿದೇಶಿ ಪತ್ನಿಯ ತವರಿಗೆ ಹೊರಡುವ ಮುನ್ನ: ವೀಸಾ, ಪಾಸ್‌ಪೋರ್ಟ್ ಮತ್ತು ಮರಳಿ ಬರುವ ದಾರಿ

ಮುಂಬೈ, ಪುಣೆ, ಗೋವಾಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ವಿದೇಶಿ ಸೊಸೆ ಬಂದಿದ್ದರೆ, ಆಕೆಯ ತವರಿಗೆ ಹೊರಡುವ ಮಾತು ಬಂದಾಗ ಎಲ್ಲರೂ ಮೊದಲು ಚಿಂತಿಸುವುದು ಮಗನ ವೀಸಾದ ಬಗ್ಗೆ. ನನ್ನ ಪ್ರಕಾರ ಈ ಕ್ರಮ ತಿರುಗಬೇಕು. ತನ್ನ ದೇಶವನ್ನು ಪ್ರವೇಶಿಸಲು ಆಕೆಗೆ ಪಾಸ್‌ಪೋರ್ಟ್ ಒಂದೇ ಸಾಕು; ಪುಣೆಯ ಮನೆಗೆ ಹಿಂದಿರುಗಲು ಅದು ಸಾಲದು. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲು ಪರಿಶೀಲಿಸಬೇಕಾದದ್ದು ಆಕೆ ಭಾರತಕ್ಕೆ ಮರಳಲು ಬೇಕಾದ ಕಾಗದಪತ್ರಗಳನ್ನು. ವಿದೇಶಿ ಅಳಿಯನಿಗೂ ಇವೇ ನಿಯಮಗಳು ಅನ್ವಯಿಸುತ್ತವೆ.

ಭಾರತೀಯರನ್ನು ಮದುವೆಯಾಗಿ ಇಲ್ಲಿ ವಾಸಿಸುವ ವಿದೇಶಿಯರು ಸಾಮಾನ್ಯವಾಗಿ ಎಕ್ಸ್ ವೀಸಾದಲ್ಲಿ, ಅಂದರೆ ಎಂಟ್ರಿ ವೀಸಾದಲ್ಲಿ ಇರುತ್ತಾರೆ. ಅದರಲ್ಲಿ ಎರಡು ಅಂಶಗಳನ್ನು ನೋಡಬೇಕು: ಅವಧಿ ಯಾವಾಗ ಮುಗಿಯುತ್ತದೆ ಮತ್ತು ಎಷ್ಟು ಬಾರಿ ಪ್ರವೇಶಿಸಲು ಅನುಮತಿ ಇದೆ. ಒಂದೇ ಪ್ರವೇಶದ ವೀಸಾ ಹೊಂದಿದವರು ಹಿಂದಿರುಗುವ ವೀಸಾ ಪಡೆಯದೆ ಹೊರಟರೆ, ಮರಳಿ ಬರಲು ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ಹೊಸದಾಗಿ ಅರ್ಜಿ ಹಾಕಬೇಕಾಗುತ್ತದೆ. ಅವಧಿ ಮುಗಿದ ವೀಸಾದಲ್ಲಿ ಉಳಿದವರಿಗೆ ದೇಶ ಬಿಡುವುದಕ್ಕೇ ನಿರ್ಗಮನ ಪರವಾನಗಿ ಬೇಕು. ಈ ಸೇವೆಗಳೆಲ್ಲ ವಿದೇಶಿಯರ ನೋಂದಣಿ ಕಚೇರಿಯ, ಅಂದರೆ ಎಫ್‌ಆರ್‌ಆರ್‌ಒದ, ಇ-ಎಫ್‌ಆರ್‌ಆರ್‌ಒ ಜಾಲತಾಣದ ಮೂಲಕ ದೊರೆಯುತ್ತವೆ. ಮುಂಬೈಯ ಕಚೇರಿ ಸೇಂಟ್ ಝೇವಿಯರ್ಸ್ ಕಾಲೇಜಿನ ಹಿಂದಿನ ಬದ್ರುದ್ದೀನ್ ತಯ್ಯಬ್‌ಜಿ ಮಾರ್ಗದಲ್ಲಿದೆ. 180 ದಿನಗಳಿಗಿಂತ ಹೆಚ್ಚಿನ ವೀಸಾದಲ್ಲಿ ಬಂದವರು 14 ದಿನಗಳೊಳಗೆ ನೋಂದಾಯಿಸಿಕೊಂಡಿರಬೇಕು ಎಂಬುದನ್ನೂ ಮರೆಯಬಾರದು. ತವರಿನಲ್ಲಿ ಪಾಸ್‌ಪೋರ್ಟ್ ನವೀಕರಿಸಿಕೊಂಡರೆ, ವೀಸಾ ಇರುವ ಹಳೆಯದನ್ನು ಬಿಸಾಡದೆ ಎರಡನ್ನೂ ಜೊತೆಗೆ ತರಬೇಕು.

ಈ ಗೊಂದಲಗಳಿಂದ ಬಹುಮಟ್ಟಿಗೆ ಬಿಡುಗಡೆ ಕೊಡುವುದು ಒಸಿಐ ಕಾರ್ಡ್, ಅಂದರೆ ಸಾಗರೋತ್ತರ ಭಾರತೀಯ ಪ್ರಜೆ ಎಂಬ ನೋಂದಣಿಯ ಕಾರ್ಡ್. ಮದುವೆ ನೋಂದಣಿಯಾಗಿ, ಅರ್ಜಿಗೆ ಹಿಂದಿನ 2 ವರ್ಷ ಅದು ನಿರಂತರವಾಗಿ ಊರ್ಜಿತವಾಗಿದ್ದರೆ ಭಾರತೀಯರ ವಿದೇಶಿ ಸಂಗಾತಿ ಅರ್ಜಿ ಹಾಕಬಹುದು. ತಂದೆ ತಾಯಿ ಅಥವಾ ಅಜ್ಜ ಅಜ್ಜಿ ಪಾಕಿಸ್ತಾನ ಇಲ್ಲವೇ ಬಾಂಗ್ಲಾದೇಶದ ಪ್ರಜೆಗಳಾಗಿದ್ದವರಿಗೆ ಈ ಅವಕಾಶವಿಲ್ಲ. ಕಾರ್ಡ್ ದೊರೆತವರಿಗೆ ಪದೇ ಪದೇ ವೀಸಾ ವಿಸ್ತರಿಸುವ ಅಗತ್ಯವಿಲ್ಲ, ಎಫ್‌ಆರ್‌ಆರ್‌ಒ ನೋಂದಣಿಯೂ ಇಲ್ಲ. ಆದರೆ ಸಂಗಾತಿಯ ನೆಲೆಯಲ್ಲಿ ಕಾರ್ಡ್ ಪಡೆದವರು ಪ್ರತಿ ಬಾರಿ ಹೊಸ ಪಾಸ್‌ಪೋರ್ಟ್ ಬಂದಾಗಲೂ 3 ತಿಂಗಳೊಳಗೆ ಅದರ ಪ್ರತಿ, ಹೊಸ ಭಾವಚಿತ್ರ ಮತ್ತು ಮದುವೆ ಊರ್ಜಿತದಲ್ಲಿದೆ ಎಂಬ ಘೋಷಣೆಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಅರ್ಜಿ ಹಾಕಿದ ರಸೀದಿ ವೀಸಾ ಅಲ್ಲ. ಕಾರ್ಡ್ ಕೈಗೆ ಬರುವವರೆಗೆ ಇರುವ ವೀಸಾವನ್ನು ಜೀವಂತವಾಗಿಡಬೇಕು.

ಗೋವಾದ ಸಂಗತಿ ಇನ್ನೂ ಕುತೂಹಲಕರವಾಗಿದೆ. ಪೋರ್ಚುಗೀಸ್ ಆಳ್ವಿಕೆ ಕೊನೆಗೊಂಡ 1961ರ ಡಿಸೆಂಬರ್ 19ಕ್ಕೆ ಮೊದಲು ಅಲ್ಲಿ ಹುಟ್ಟಿದವರ ಮಕ್ಕಳು ಮೊಮ್ಮಕ್ಕಳಲ್ಲಿ ಹಲವರು ಪೋರ್ಚುಗೀಸ್ ಪೌರತ್ವ ಪಡೆದಿದ್ದಾರೆ. ಭಾರತ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲವಾದ್ದರಿಂದ, ಮಡಗಾಂವಿನ ಓಣಿಯಲ್ಲೇ ಬೆಳೆದ ಸೊಸೆಯೂ ಕಾನೂನಿನ ಕಣ್ಣಿಗೆ ವಿದೇಶಿಯೇ. ಆಕೆ ಹಿಂದೆ ಭಾರತದ ಪ್ರಜೆಯಾಗಿದ್ದರೆ ಸಂಗಾತಿಯ ನೆಲೆಯಲ್ಲಿ ಅಲ್ಲ, ಸ್ವಂತ ಹಕ್ಕಿನಿಂದಲೇ ಒಸಿಐ ಪಡೆಯುವುದು ಲೇಸು. ಸಂಗಾತಿಯ ನೆಲೆಯ ಕಾರ್ಡ್ ವಿಚ್ಛೇದನದೊಂದಿಗೆ ರದ್ದಾಗುವಂಥದ್ದು.

ಇಂಥ ದಂಪತಿಗಳಿಗೆ ಯುರೋಪಿನ ನಿಯಮವೊಂದು ಬಹಳ ಅನುಕೂಲಕರ, ಆದರೆ ಅದರ ಗಡಿಯನ್ನು ಸರಿಯಾಗಿ ತಿಳಿಯಬೇಕು. ಯುರೋಪಿಯನ್ ಒಕ್ಕೂಟದ 2004ರ ನಿರ್ದೇಶನದಂತೆ, ಒಕ್ಕೂಟದ ಪ್ರಜೆ ತನ್ನದಲ್ಲದ ಇನ್ನೊಂದು ಸದಸ್ಯ ದೇಶಕ್ಕೆ ಹೋಗುವಾಗ ಜೊತೆಗೆ ಹೋಗುವ ಅಥವಾ ಅಲ್ಲಿ ಬಂದು ಸೇರುವ ಪತಿ ಪತ್ನಿಯರಿಗೆ ವೀಸಾ ಶುಲ್ಕವಿಲ್ಲ, ಅರ್ಜಿಯೂ ಶೀಘ್ರವಾಗಿ ಇತ್ಯರ್ಥವಾಗಬೇಕು. ಪೋರ್ಚುಗೀಸ್ ಪತ್ನಿಯೊಡನೆ ಫ್ರಾನ್ಸಿನಲ್ಲಿರುವ ನಾದಿನಿಯ ಮನೆಗೆ ಹೋಗುವ ಕನ್ನಡಿಗನಿಗೆ ಇದು ಅನ್ವಯಿಸುತ್ತದೆ. ಪೋರ್ಚುಗಲ್ಲಿನ ಲಿಸ್ಬನ್ನಿಗೇ ಹೊರಟರೆ ಈ ನಿರ್ದೇಶನ ಅನ್ವಯಿಸುವುದಿಲ್ಲ, ಏಕೆಂದರೆ ಅದು ಆಕೆಯ ಸ್ವಂತ ದೇಶ; ಅಲ್ಲಿ ಆ ದೇಶದ ಕಾನೂನನ್ನೇ ನೋಡಬೇಕು. ಬಂಧುಗಳು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿದ್ದರೆ ಈ ಮಾತೇ ಬೇರೆ: ಬ್ರಿಟನ್ ಈಗ ಒಕ್ಕೂಟದಲ್ಲಿಲ್ಲ, ಗಂಡ ಸಾಮಾನ್ಯ ಸಂದರ್ಶಕ ವೀಸಾ ಪಡೆಯಬೇಕು, ಪತ್ನಿಗೂ ಆನ್‌ಲೈನ್‌ನಲ್ಲಿ ಪಡೆಯುವ ಇಟಿಎ ಎಂಬ ಪೂರ್ವಾನುಮತಿ ಬೇಕು.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ಉಳಿದ ಅರ್ಜಿಗಳಿಗೆ 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೋ. ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಪ್ರಯಾಣಕ್ಕೆ 15 ದಿನ ಉಳಿದಿರುವಾಗಲಾದರೂ ಹಾಕಿರಬೇಕು, ಅದಕ್ಕಿಂತ ತಡವಾಗಬಾರದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ನೀಡಿದ್ದಾಗಿರಬೇಕು ಮತ್ತು ವಾಪಸಾಗುವ ದಿನದ ನಂತರವೂ 3 ತಿಂಗಳು ಚಾಲ್ತಿಯಲ್ಲಿರಬೇಕು. ಅಮೆರಿಕದ ವಿಷಯದಲ್ಲಿ, ಪತ್ನಿ ಅಲ್ಲಿಯ ಪ್ರಜೆಯೆಂಬುದು ಪ್ರವಾಸಿ ವೀಸಾಕ್ಕೆ ಅನುಕೂಲವೆಂದು ಭಾವಿಸುವುದು ತಪ್ಪು. ಅರ್ಜಿದಾರ ಅಲ್ಲೇ ನೆಲೆಸಲು ಹೊರಟಿದ್ದಾನೆ ಎಂದೇ ಆ ದೇಶದ ಕಾನೂನು ಮೊದಲು ಊಹಿಸುತ್ತದೆ. ಆ ಊಹೆಯನ್ನು ಅಳಿಸಲು ಇಲ್ಲಿಯ ಉದ್ಯೋಗ, ಮನೆ, ಮಕ್ಕಳ ಶಾಲೆಯ ದಾಖಲೆಗಳು ಅತ್ತೆ ಮಾವಂದಿರ ಆಹ್ವಾನ ಪತ್ರಕ್ಕಿಂತ ಹೆಚ್ಚು ತೂಕದವು.

ಹೊರನಾಡ ಕನ್ನಡಿಗರಿಗೇ ವಿಶೇಷವಾದ ಎರಡು ತೊಡಕುಗಳಿವೆ. ಮೊದಲನೆಯದು ವಿಳಾಸ: ಪಾಸ್‌ಪೋರ್ಟ್‌ನಲ್ಲಿ ಧಾರವಾಡವಿದ್ದು ವಾಸ ಪುಣೆಯಲ್ಲಿದ್ದರೆ, ರಾಜ್ಯವಾರು ವ್ಯಾಪ್ತಿ ನೋಡುವ ದೂತಾವಾಸಗಳು ವಾಸದ ಪುರಾವೆ ಕೇಳುತ್ತವೆ.  ನೋಂದಾಯಿತ ಬಾಡಿಗೆ ಕರಾರನ್ನು ಸಿದ್ಧವಾಗಿಟ್ಟುಕೊಳ್ಳಿ. ಎರಡನೆಯದು ಹೆಸರು. ನಮ್ಮಲ್ಲಿ ಊರಿನದೋ ತಂದೆಯದೋ ಇನಿಷಿಯಲ್ ರೂಢಿ. ಮಹಾರಾಷ್ಟ್ರದ ನಮೂನೆಗಳಲ್ಲಿ ಸ್ವಂತ ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂಬ ಮೂರು ಭಾಗಗಳ ರೂಢಿ. ವಿದೇಶಿ ವಧುವಿನ ಹೆಸರಿನ ನಡುವೆ ಗಂಡನ ಹೆಸರು ಸೇರಿಕೊಂಡರೆ ವಿವಾಹ ಪ್ರಮಾಣಪತ್ರ ಆಕೆಯ ಪಾಸ್‌ಪೋರ್ಟ್‌ಗೆ ಹೊಂದುವುದಿಲ್ಲ. ನೋಂದಣಿಯ ದಿನವೇ ಇಬ್ಬರ ಹೆಸರೂ ಪಾಸ್‌ಪೋರ್ಟ್‌ನಲ್ಲಿರುವಂತೆ ಅಕ್ಷರಶಃ ಬರುವಂತೆ ನೋಡಿಕೊಳ್ಳುವುದು, ಆಮೇಲೆ ಪ್ರಮಾಣಪತ್ರ ತಿದ್ದಿಸುವುದಕ್ಕಿಂತ ಎಷ್ಟೋ ಸುಲಭ.

ಮಕ್ಕಳಿದ್ದರೆ ಅವರು ಯಾವ ದೇಶದ ಪಾಸ್‌ಪೋರ್ಟ್‌ನಲ್ಲಿ ಹೋಗುತ್ತಾರೆ ಎಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ವಿದೇಶಿ ಪಾಸ್‌ಪೋರ್ಟ್ ಪಡೆದ ಮಗುವಿಗೂ ತಾಯಿಯಂತೆಯೇ ಭಾರತದ ವೀಸಾ ಅಥವಾ ಒಸಿಐ ಬೇಕು. ಕೊನೆಯದಾಗಿ ವಿಮಾನ ಬದಲಿಸುವ ಊರನ್ನು ಆರಿಸುವಾಗ ಬೆಲೆಯೊಂದನ್ನೇ ನೋಡಬಾರದು: ಬ್ರಿಟನ್ನಿನ ನಿಲ್ದಾಣದಲ್ಲಿ ವಿಮಾನ ಬದಲಿಸುವ ಭಾರತೀಯರಿಗೆ, ವಿನಾಯಿತಿ ಇಲ್ಲದಿದ್ದರೆ, ಟ್ರಾನ್ಸಿಟ್ ವೀಸಾ ಬೇಕಾಗುತ್ತದೆ. ಆದ್ದರಿಂದ ಮಾರ್ಗವನ್ನು ಗಂಡನ ಪಾಸ್‌ಪೋರ್ಟ್‌ಗೆ ಹೊಂದುವಂತೆ ಗೊತ್ತುಪಡಿಸಿ, ಆಮೇಲೆ ಟಿಕೆಟ್ ಕಾಯ್ದಿರಿಸಬೇಕು.