ಕಣಜ ಗೂಬೆಯ ಪಕ್ಕದಲ್ಲಿ ತೊರಕೆ ಮೀನು

ಆಳಂದ ತಾಲ್ಲೂಕಿನ ನಮ್ಮ ಊರಿನ ಹಾಳು ವಾಡೆಯಲ್ಲಿ ಒಂದು ಜೋಡಿ ಕಣಜ ಗೂಬೆಗಳಿವೆ. ಒಂಬತ್ತನೆಯ ತರಗತಿಗೆ ವಿಜ್ಞಾನ ಹೇಳುವ ನಾನು ಅವುಗಳನ್ನು ತೊರಕೆ (ಸ್ಟಿಂಗ್‌ರೇ) ಎಂಬ ಚಪ್ಪಟೆ ಸಮುದ್ರ ಮೀನಿನ ಜೊತೆಗಿಟ್ಟು ಪಾಠ ಮಾಡಿದೆ. ತೊರಕೆಯನ್ನು ಮಲ್ಪೆ ಬಂದರಿನಲ್ಲಿ ಕಂಡು, ಅಂಗಾತ ಮಾಡಿಸಿ ಮೊಬೈಲ್‌ನಲ್ಲಿ ಚಿತ್ರ ತೆಗೆದು ತಂದಿದ್ದೆ. ನಮ್ಮ ಮಕ್ಕಳಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ.

ಮೊದಲ ದಿನ ತಪ್ಪಿದೆ. ಎರಡಕ್ಕೂ ರೆಕ್ಕೆ, ಒಂದು ಗಾಳಿಯಲ್ಲಿ, ಇನ್ನೊಂದು ನೀರಿನಲ್ಲಿ ಎಂದುಬಿಟ್ಟೆ. ಮರುದಿನ ಅರ್ಧ ತರಗತಿ ತೊರಕೆಯ ರೆಕ್ಕೆಯೊಳಗೆ ಮೂಳೆ ಬರೆದು ತಂದಿತ್ತು! ತೊರಕೆಯ ಮೈಯಲ್ಲಿ ಮೂಳೆಯೇ ಇಲ್ಲ. ನಮ್ಮ ಮೂಗಿನ ತುದಿಯಲ್ಲಿರುವಂಥ ಮೃದ್ವಸ್ಥಿ ಮಾತ್ರ. ರೆಕ್ಕೆಯಂತೆ ಕಾಣುವುದು ತಲೆಗೆ ಬೆಸೆದ ಎದೆಯ ಈಜುರೆಕ್ಕೆ.

ಆಗ ದಾರಿ ಬದಲಿಸಿದೆ. ಕಣ್ಣಿಗೆ ಕಾಣದ ಊಟವನ್ನು ಇವು ಹುಡುಕುವುದು ಹೇಗೆ? ಹೋಲಿಕೆಯ ಜೀವ ಇರುವುದು ಅಲ್ಲಿಯೇ. ಗೂಬೆಯ ಅಗಲ ಮುಖ ಸದ್ದನ್ನು ಒಟ್ಟುಗೂಡಿಸಿ ಕಿವಿಗೆ ತಲುಪಿಸುತ್ತದೆ. ಒಂದು ಕಿವಿಯ ರಂಧ್ರ ಮೇಲೆ, ಇನ್ನೊಂದು ಕೆಳಗೆ. ಹಾಗಾಗಿ ಕತ್ತಲಲ್ಲೂ ಇಲಿಯ ಸದ್ದು ಎಷ್ಟು ಕೆಳಗಿದೆ ಎಂಬುದು ಅದಕ್ಕೆ ತಿಳಿಯುತ್ತದೆ. ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ತೊಗರಿ ತುಂಬಿದ ಡಬ್ಬಿ ಅಲ್ಲಾಡಿಸಿದೆ. ಎಡ, ಬಲ ಬೇಗ ಹೇಳಿದರು. ಮೇಲೋ ಕೆಳಗೋ ಎಂದಾಗ ಬಹಳಷ್ಟು ಬೆರಳುಗಳು ತಪ್ಪಿದವು.

ತೊರಕೆಯ ಕಣ್ಣು ಬೆನ್ನಿನ ಕಡೆ, ಬಾಯಿ ಹೊಟ್ಟೆಯ ಕಡೆ. ಮರಳಲ್ಲಿ ಹುದುಗಿದ ಏಡಿಯನ್ನು ಬಾಯಿಗೆ ಹಾಕಿಕೊಳ್ಳುವಾಗ ಅದು ನೋಡಲಾರದು. ಬಾಯಿಯ ಸುತ್ತ ಲೋಳೆ ತುಂಬಿದ ಸಣ್ಣ ರಂಧ್ರಗಳಿವೆ. ಇವನ್ನು 1678ರಲ್ಲಿಯೇ ಇಟಲಿಯ ವೈದ್ಯ ಲೊರೆಂಜಿನಿ ವಿವರಿಸಿದ್ದ. ಬೇಟೆಯ ಮೈಯಿಂದ ಹೊಮ್ಮುವ ಅತಿ ಕ್ಷೀಣ ವಿದ್ಯುತ್ತನ್ನು ಇವು ಹಿಡಿಯುತ್ತವೆ ಎಂಬುದು ಗೊತ್ತಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಪರಾತದ ಮರಳಲ್ಲಿ ಅಯಸ್ಕಾಂತ ಹೂತು, ಮೇಲೆ ದಿಕ್ಸೂಚಿ ಆಡಿಸಲು ಕೊಟ್ಟೆ. ಮುಳ್ಳು ತಿರುಗಿದಲ್ಲಿ ಅಗೆದು ತೆಗೆದರು. ತೊರಕೆ ಹಿಡಿಯುವುದು ಅಯಸ್ಕಾಂತವನ್ನಲ್ಲ, ವಿದ್ಯುತ್ತನ್ನು ಎಂದು ಮೂರು ಸಲ ಹೇಳಿದೆ, ಹೇಳಲೇಬೇಕು.

ಕೊನೆಗೆ ವಾಡೆಯ ಕೆಳಗೆ ಬಿದ್ದಿದ್ದ ಗೂಬೆಯ ಕಕ್ಕಿದ ಉಂಡೆಗಳನ್ನು ನೆನೆಸಿ ಬಿಡಿಸಿದೆವು. ಒಂದರಲ್ಲೇ ಮೂರು ಇಲಿಗಳ ತಲೆಬುರುಡೆ. ನೋಡುತ್ತ ನಿಂತಿದ್ದ ಮುದುಕರೊಬ್ಬರು, “ಮಾಸ್ತರರೇ, ಅಪಶಕುನದ ಹಕ್ಕಿ ಎಂದು ಓಡಿಸಬೇಕೆಂದಿದ್ದೆ. ಇಷ್ಟು ಇಲಿ ತಿನ್ನುತ್ತದೆಯೇ?” ಎಂದು ಕೇಳಿದರು. ಒಬ್ಬ ಹುಡುಗಿ ಬುರುಡೆಗಳನ್ನು ಅಂಗೈಯಲ್ಲಿಟ್ಟು ಅವರ ಮುಂದೆ ಹಿಡಿದಳು.