ಸಾಹಿತ್ಯ ಮುಂದೆ, ಸ್ವರ ಹಿಂದೆ: ಕ್ಯಾಬರೆಯಲ್ಲಿ ಹಳೆಯ ಪಾಪ್ ಗೀತೆಗಳನ್ನು ಹಾಡಿದ ನನ್ನ ಅನುಭವ

ನ್ಯೂಯಾರ್ಕಿನ ಜಾಝ್ ಕ್ಲಬ್ಬುಗಳಲ್ಲಿ ದಶಕಗಳ ಕಾಲ ಹಾಡಿದ ಮೇಲೆ, ವಯಸ್ಸು ಎಪ್ಪತ್ತರ ಸಮೀಪಕ್ಕೆ ಬಂದಾಗ, ನಾನು ಕ್ಯಾಬರೆಯಲ್ಲಿ ಹಾಡಲು ಆರಂಭಿಸಿದೆ. ಅದಕ್ಕಾಗಿ ಆರಿಸಿಕೊಂಡದ್ದು 1960 ಮತ್ತು 1970ರ ದಶಕಗಳ ಪಾಪ್ ಗೀತೆಗಳನ್ನು. ಮೈಸೂರಿನಲ್ಲಿ ಹುಡುಗಿಯಾಗಿದ್ದಾಗ ಬೆಳಿಗ್ಗೆ ಸಂಗೀತದ ಮೇಷ್ಟರ ಮುಂದೆ ವರ್ಣ ಒಪ್ಪಿಸಿ, ಸಂಜೆ ರೇಡಿಯೊ ಸಿಲೋನಿನ ಇಂಗ್ಲಿಷ್ ಪ್ರಸಾರದಲ್ಲಿ ಇಂಥ ಹಾಡುಗಳನ್ನು ಕೇಳುತ್ತಿದ್ದೆ. ಆದರೆ ಜಾಝ್ ಗಾಯಕಿಯಾಗಿ ಬೆಳೆದ ಕಾಲದಲ್ಲಿ ಅವುಗಳನ್ನು ವೇದಿಕೆಗೆ ತರುವ ಸಂದರ್ಭ ಒದಗಿರಲಿಲ್ಲ. ಅವುಗಳನ್ನು ಕ್ಯಾಬರೆಗೆ ಒಗ್ಗಿಸಿದ ಕೆಲಸದ ವಿವರಗಳು ನಮ್ಮ ಸುಗಮ ಸಂಗೀತದ ಗಾಯಕ ಗಾಯಕಿಯರಿಗೂ ಉಪಯೋಗವಾಗಬಹುದೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಕ್ಯಾಬರೆ ಎಂದೊಡನೆ ನಮ್ಮ ಹಳೆಯ ಚಲನಚಿತ್ರಗಳ ಕ್ಲಬ್ ನೃತ್ಯ ನೆನಪಾಗುವವರಿಗೆ ಇಲ್ಲಿನ ಕ್ಯಾಬರೆಯನ್ನು ಸ್ವಲ್ಪ ಪರಿಚಯಿಸಬೇಕು. ಐವತ್ತರಿಂದ ನೂರು ಮಂದಿ ಕೂರಬಹುದಾದ ಕೋಣೆ, ಒತ್ತೊತ್ತಾಗಿ ಹಾಕಿದ ಪುಟ್ಟ ಮೇಜುಗಳು, ಒಂದು ಪಿಯಾನೊ, ಒಂದು ಮೈಕು, ಹೆಚ್ಚೆಂದರೆ ಜೊತೆಗೊಂದು ಡಬಲ್ ಬೇಸ್ ವಾದ್ಯ. ಕಾರ್ಯಕ್ರಮ ಒಂದು ಗಂಟೆಯದು, ಕೆಲವೊಮ್ಮೆ ಒಂದೂಕಾಲು ಗಂಟೆಯದು. ಟಿಕೆಟಿನ ಹಣದ ಜೊತೆಗೆ ಪ್ರತಿಯೊಬ್ಬರೂ ಎರಡು ಪಾನೀಯಗಳನ್ನಾದರೂ ಕೊಳ್ಳಬೇಕೆಂಬ ನಿಯಮ ಬಹಳ ಕಡೆ ಇದೆ. ಮ್ಯಾಡಿಸನ್ ಅವೆನ್ಯೂವಿನ ಕಾರ್ಲೈಲ್ ಹೋಟೆಲಿನಲ್ಲಿ ಬಾಬಿ ಶಾರ್ಟ್ ಅವರು 1968ರಿಂದ 2004ರವರೆಗೆ ತಾವೇ ಪಿಯಾನೊ ನುಡಿಸುತ್ತ ಹಾಡಿದ ಕೆಫೆ ಇಂಥದ್ದೇ ಒಂದು ಕೋಣೆ. ಅಲ್ಗಾಂಕ್ವಿನ್ ಹೋಟೆಲಿನ ಓಕ್ ರೂಮ್ 2012ರಲ್ಲಿ ಮುಚ್ಚಿದಾಗ ಈ ಕಲೆಯೇ ಮುಗಿಯಿತೆಂದು ಕೊರಗಿದವರು ಇದ್ದರು, ಆದರೆ ಅದೇ ವರ್ಷ ಪಶ್ಚಿಮ 54ನೆಯ ಬೀದಿಯಲ್ಲಿ ಇನ್ನೊಂದು ಕೋಣೆ ತೆರೆಯಿತು.

ಈ ಕಲೆಯಲ್ಲಿ ನಾನು ಗುರುವೆಂದು ಭಾವಿಸುವುದು ಮೇಬಲ್ ಮರ್ಸರ್ ಅವರನ್ನು. 1900ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಹೆಸರು ಮಾಡಿ, ಆಮೇಲೆ ನ್ಯೂಯಾರ್ಕಿನಲ್ಲಿ ನೆಲೆಸಿದ ಆಕೆ 1984ರಲ್ಲಿ ತೀರಿಕೊಂಡರು. ನೇರ ಬೆನ್ನಿನ ಕುರ್ಚಿಯೊಂದರಲ್ಲಿ ಕುಳಿತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವರು ಹಾಡುತ್ತಿದ್ದರು. ವಯಸ್ಸಾದಂತೆ ಕಂಠ ತಗ್ಗಿ, ಹಾಡು ಬಹುಮಟ್ಟಿಗೆ ಮಾತಾಗಿಬಿಟ್ಟಿತು; ಆದರೂ ಸಾಲನ್ನು ಎಲ್ಲಿ ಒಡೆಯಬೇಕು, ಎಲ್ಲಿ ಕೂಡಿಸಬೇಕು ಎಂಬುದನ್ನು ಆಕೆಯಿಂದ ಕಲಿತೆನೆಂದು ಹೆಸರಾಂತ ಅಮೆರಿಕನ್ ಗಾಯಕ ಫ್ರಾಂಕ್ ಸಿನಾಟ್ರಾ ಅವರಂಥವರು ಒಪ್ಪಿಕೊಂಡಿದ್ದಾರೆ. ಅವರ ಕೊನೆಗಾಲದ ಧ್ವನಿಮುದ್ರಣಗಳನ್ನು ಕೇಳಿದ ಮೇಲೆಯೇ, ನನ್ನ ಈ ವಯಸ್ಸಿನ ಕಂಠಕ್ಕೂ ಇಲ್ಲಿ ಕೆಲಸವಿದೆ ಎಂಬ ಧೈರ್ಯ ನನಗೆ ಬಂದದ್ದು.

ಜಾಝ್‌ನಲ್ಲಿ ಒಂದು ಕ್ರಮವಿದೆ. ಗಾಯಕಿ ಹಾಡನ್ನು ಒಮ್ಮೆ ಪೂರ್ತಿ ಹಾಡುತ್ತಾಳೆ, ಆಮೇಲೆ ಒಬ್ಬೊಬ್ಬ ವಾದ್ಯಗಾರರೂ ಆ ಹಾಡಿನ ಚೌಕಟ್ಟಿನ ಮೇಲೆ ತಮ್ಮ ಕಲ್ಪನೆಯನ್ನು ನುಡಿಸುತ್ತಾರೆ, ಗಾಯಕಿಯೂ ಅರ್ಥವಿಲ್ಲದ ಅಕ್ಷರಗಳಲ್ಲಿ ಸ್ವರವಿಸ್ತಾರ ಮಾಡುತ್ತಾಳೆ, ಕೊನೆಗೆ ಎಲ್ಲರೂ ಹಾಡಿಗೆ ಮರಳುತ್ತಾರೆ. ಸ್ಕ್ಯಾಟ್ ಎಂದು ಕರೆಯುವ ಆ ಸ್ವರವಿಸ್ತಾರ ನನ್ನ ಬಲವಾಗಿತ್ತು. ಕರ್ನಾಟಕ ಸಂಗೀತದಲ್ಲಿ ಸ್ಥಳದಲ್ಲೇ ಸ್ವರಗಳನ್ನು ಹೆಣೆದು ಹಾಡುವ ಕಲ್ಪನಾಸ್ವರದ ಅಭ್ಯಾಸವಿದ್ದವಳಿಗೆ ಅದು ಬೇಗ ಕೈವಶವಾಗಿತ್ತು. ಕ್ಯಾಬರೆಗಾಗಿ ಅದನ್ನು ಸಂಪೂರ್ಣವಾಗಿ ಬಿಟ್ಟೆ. ಹಾಡಿನಲ್ಲಿ ಯಾರೋ ಒಬ್ಬಳು ತನ್ನ ಕಥೆಯನ್ನು ಹೇಳುತ್ತಿರುವಾಗ ನಡುವೆ ಸ್ವರಗಳ ಕುಶಲತೆ ನುಗ್ಗಿದರೆ, ಕಥೆ ಹೇಳುತ್ತಿದ್ದವಳು ಮರೆಯಾಗಿ ಕಲಾವಿದೆ ಮಾತ್ರ ಉಳಿಯುತ್ತಾಳೆ. ಮೂರು ಮಾರು ದೂರದಲ್ಲಿ ಕುಳಿತ ಕೇಳುಗರಿಗೆ ಆ ಬದಲಾವಣೆ ತಕ್ಷಣ ತಿಳಿಯುತ್ತದೆ.

ಹಾಗೆಂದು ಮನೋಧರ್ಮವನ್ನು, ಅಂದರೆ ಹಾಡುತ್ತಲೇ ಹೊಸದನ್ನು ಕಲ್ಪಿಸುವುದನ್ನು, ಬಿಡಲಿಲ್ಲ, ಅದನ್ನು ಬೇರೆ ಜಾಗಕ್ಕೆ ಒಯ್ದೆ. ಕರ್ನಾಟಕ ಸಂಗೀತದ ನೆರವಲ್‌ನಲ್ಲಿ ಒಂದು ಸಾಲಿನ ಪದಗಳು ತಾಳದಲ್ಲಿ ತಮ್ಮ ತಮ್ಮ ಸ್ಥಾನದಲ್ಲೇ ನಿಲ್ಲುತ್ತವೆ, ಸ್ವರಸಂಚಾರ ಮಾತ್ರ ಪ್ರತಿ ಸಲ ಹೊಸದಾಗುತ್ತದೆ. ಕ್ಯಾಬರೆಯಲ್ಲಿ ನಾನು ಅದಕ್ಕೆ ವಿರುದ್ಧವಾದ ದಾರಿ ಹಿಡಿದೆ: ರಾಗವನ್ನು ಬಹುಮಟ್ಟಿಗೆ ರಚನಕಾರರು ಬರೆದಂತೆಯೇ ಇಟ್ಟು, ಪದಗಳು ತಾಳದಲ್ಲಿ ಬೀಳುವ ಜಾಗವನ್ನು ಸರಿಸತೊಡಗಿದೆ. ಪಿಯಾನೊ ತನ್ನ ನಡೆಯಲ್ಲಿ ಸಾಗುತ್ತಿರುತ್ತದೆ. ನಾನು ಸಾಲಿನ ಮೊದಲ ಪದವನ್ನು ತಡಮಾಡಿ ಎತ್ತಿಕೊಂಡು, ಆಮೇಲಿನ ನಾಲ್ಕಾರು ಪದಗಳನ್ನು ಮಾತಿನ ವೇಗದಲ್ಲಿ ಆಡಿ, ಕೊನೆಯ ಪದಕ್ಕೆ ಮತ್ತೆ ಪಿಯಾನೊವನ್ನು ಕೂಡುತ್ತೇನೆ. ಈ ವಿದ್ಯೆಯಲ್ಲಿ ಜಾಝ್ ಗಾಯಕಿ ಬಿಲಿ ಹಾಲಿಡೇ ಅವರನ್ನು ಮೀರಿಸಿದವರು ಇಲ್ಲವೆಂದೇ ನನ್ನ ಅಭಿಪ್ರಾಯ. ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಹಾಡಲು 1940ರಿಂದ 1967ರವರೆಗೆ ಪೊಲೀಸರು ಕೊಡುತ್ತಿದ್ದ ಕ್ಯಾಬರೆ ಕಾರ್ಡ್ ಬೇಕಿತ್ತು, 1947ರಲ್ಲಿ ಶಿಕ್ಷೆಯಾದ ಮೇಲೆ ಆಕೆಗೆ ಅದು ಸಿಗಲಿಲ್ಲ. ಇಂಥ ಚಿಕ್ಕ ಕೋಣೆಗಳಿಗೆಂದೇ ಹುಟ್ಟಿದ್ದ ಕಂಠಕ್ಕೆ ಈ ಊರಿನಲ್ಲಿಯೇ ಬಾಗಿಲು ಮುಚ್ಚಿತ್ತು ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಪಾಪ್ ಗೀತೆಗಳ ತೊಡಕು ಬೇರೆಯದು. ಹಿಂದಿನ ತಲೆಮಾರಿನ ರಚನಕಾರರಾದ ಗರ್ಶ್ವಿನ್ ಸಹೋದರರ, ಕೋಲ್ ಪೋರ್ಟರ್ ಅವರ ಕಾಲದ ಹಾಡುಗಳು ನಾಟಕಕ್ಕಾಗಿಯೋ ಚಲನಚಿತ್ರಕ್ಕಾಗಿಯೋ ಹುಟ್ಟಿ, ಅಚ್ಚಾದ ಹಾಳೆಗಳಲ್ಲಿ ಮನೆಮನೆಗೆ ಹೋಗಿ, ನೂರಾರು ಕಂಠಗಳಲ್ಲಿ ಸವೆದು ನಯವಾದವು. ಅವು ಯಾರೊಬ್ಬರ ಸ್ವತ್ತೂ ಅಲ್ಲ. 1960ರ ನಂತರದ ಬಹುತೇಕ ಹಾಡುಗಳು ಮಾತ್ರ ಒಂದು ಧ್ವನಿಮುದ್ರಿಕೆಗೆ, ಒಂದು ಕಂಠಕ್ಕೆ, ಆರಂಭದ ಒಂದು ಗಿಟಾರ್ ತುಣುಕಿಗೆ ಅಂಟಿಕೊಂಡಿವೆ. ಕೇಳುಗರ ಕಿವಿಯಲ್ಲಿ ಆ ಮುದ್ರಿಕೆ ಓಡುತ್ತಿರುವಾಗ ನಾನು ಹಾಡಿದರೆ, ಅವರು ನನ್ನನ್ನು ಕೇಳುವುದಿಲ್ಲ, ಹೋಲಿಸುತ್ತಾರೆ. ಹೀಗಾಗಿ ಪ್ರಸಿದ್ಧವಾದ ಆರಂಭದ ತುಣುಕನ್ನು ಎಲ್ಲಿಯೂ ಬಳಸಬಾರದೆಂದು ನಾನೂ ನನ್ನ ಪಿಯಾನೊ ವಾದಕರೂ ನಿರ್ಧರಿಸಿದೆವು. ಡ್ರಮ್ಸ್ ಬೇಡವೆಂದೆವು. ಕೆಲವು ಹಾಡುಗಳನ್ನು ಪಿಯಾನೊ ಇಲ್ಲದೆ, ಮಾತಿನ ಹಾಗೆ, ನಡುವಿನ ಚರಣದಿಂದ ಆರಂಭಿಸಿದೆ. ಹಾಡು ಯಾವುದೆಂದು ಗುರುತು ಹತ್ತುವಷ್ಟರಲ್ಲಿ ಕೇಳುಗರು ಪದಗಳ ಅರ್ಥದೊಳಗೆ ಇರುತ್ತಾರೆ.

ಇನ್ನೊಂದು ತೊಡಕು ಹಾಡಿನ ಕೊನೆಯದು. ಆ ಕಾಲದ ಬಹಳಷ್ಟು ಧ್ವನಿಮುದ್ರಿಕೆಗಳು ಮುಗಿಯುವುದೇ ಇಲ್ಲ. ಕೊನೆಯ ಸಾಲು ಮತ್ತೆ ಮತ್ತೆ ಬರುತ್ತ, ಸ್ಟುಡಿಯೊದಲ್ಲಿ ಯಾರೋ ಶಬ್ದವನ್ನು ಮೆಲ್ಲನೆ ಇಳಿಸಿಬಿಡುತ್ತಾರೆ. ಕೋಣೆಯಲ್ಲಿ ಎದುರಿಗೆ ನಿಂತವಳು ಹಾಗೆ ಕರಗಿಹೋಗುವಂತಿಲ್ಲ, ಅಂತ್ಯವನ್ನು ತಾನೇ ಕಟ್ಟಬೇಕು. ಜಿಮ್ಮಿ ವೆಬ್ ಬರೆದು ಗ್ಲೆನ್ ಕ್ಯಾಂಪ್‌ಬೆಲ್ 1968ರಲ್ಲಿ ಹಾಡಿದ 'ವಿಚಿಟಾ ಲೈನ್‌ಮನ್' ನನ್ನ ಕಾರ್ಯಕ್ರಮದ ನಡುವಿನಲ್ಲಿದೆ. ನಿರ್ಜನ ಬಯಲಿನಲ್ಲಿ ತಂತಿಗಳನ್ನು ನೋಡಿಕೊಳ್ಳುವ ಕೆಲಸಗಾರನ ಹಾಡು ಅದು. ಎಫ್ ಶ್ರುತಿಯಲ್ಲಿ ಹೊರಟ ಅದರ ರಾಗ ಡಿ ಶ್ರುತಿಗೆ ಜಾರಿ, ಹೊರಟ ಮನೆಗೆ ಮರಳದೆ ಮುಗಿಯುತ್ತದೆ. ಮನೆಯಿಂದ ದೂರವಿರುವವನ ಸ್ಥಿತಿಯನ್ನು ಸಂಗೀತವೇ ಹೇಳುವ ಈ ರಚನೆಯನ್ನು ನಾನು ಬಹಳ ದೊಡ್ಡದೆಂದು ತಿಳಿದಿದ್ದೇನೆ. ವೆಬ್ ಅವರು ಹಾಡು ಇನ್ನೂ ಪೂರ್ತಿಯಾಗಿಲ್ಲವೆಂದುಕೊಂಡಿದ್ದಾಗಲೇ ಅದು ಮುದ್ರಣವಾಯಿತು, ಮೂರನೆಯ ಚರಣ ಇರಬಹುದಾಗಿದ್ದ ಜಾಗದಲ್ಲಿ ಗಿಟಾರ್ ನುಡಿಯಿತು. ಅಲ್ಲಿ ಸ್ಕ್ಯಾಟ್ ಮಾಡಲು ಯಾವ ಜಾಝ್ ಗಾಯಕಿಗಾದರೂ ಆಸೆಯಾಗುತ್ತದೆ. ನಾನು ಆ ಜಾಗವನ್ನು ಬೇಸ್ ವಾದಕರಿಗೆ ಬಿಟ್ಟುಕೊಟ್ಟು ಸುಮ್ಮನೆ ನಿಲ್ಲುತ್ತೇನೆ. ಅಂತ್ಯಕ್ಕೆ ಪಿಯಾನೊ ವಾದಕರು ಡಿ ಶ್ರುತಿಯಲ್ಲಿ ವಿಶ್ರಾಂತಿ ಕೊಡದೆ, ಮುಂದಿನ ಹಾಡಿನ ಮೊದಲ ಸ್ವರಗುಚ್ಛಕ್ಕೆ (ಒಟ್ಟಿಗೆ ನುಡಿಸುವ ಸ್ವರಗಳಿಗೆ, ಕಾರ್ಡ್‌ಗೆ) ನೇರವಾಗಿ ನಡೆದುಬಿಡುತ್ತಾರೆ. ಚಪ್ಪಾಳೆ ತಪ್ಪುತ್ತದೆ, ಆದರೆ ಹಾಡಿಗೆ ನ್ಯಾಯ ಸಿಗುತ್ತದೆ.

ಬೀಟಲ್ಸ್ ತಂಡದ 'ಯೆಸ್ಟರ್‌ಡೇ' ಹಾಡಿನಲ್ಲಿ ಕೆಲಸ ಇನ್ನೂ ಸೂಕ್ಷ್ಮವಾಗಿತ್ತು. ಪಾಶ್ಚಾತ್ಯ ಹಾಡಿನ ಸಾಲುಗಳು ಸಾಮಾನ್ಯವಾಗಿ ಎಂಟೆಂಟು ಬಾರ್‌ಗಳ, ಅಂದರೆ ನಮ್ಮ ತಾಳದ ಆವರ್ತದಂಥ ಎಣಿಕೆಯ ಘಟಕಗಳ, ಅಳತೆಯಲ್ಲಿ ಬರುತ್ತವೆ, ಆದರೆ 1965ರ ಈ ಹಾಡಿನ ಮೊದಲ ಭಾಗ ಏಳೇ ಬಾರ್‌ಗಳಲ್ಲಿ ಮುಗಿಯುತ್ತದೆ. ಜಾಝ್ ಅಭ್ಯಾಸವಿರುವವರು ಅರಿವಿಲ್ಲದೆಯೇ ಒಂದು ಬಾರ್ ಸೇರಿಸಿ ಎಂಟು ಮಾಡಿಬಿಡುತ್ತಾರೆ. ಏನೋ ಕಳೆದುಹೋಗಿದೆ ಎಂಬ ಭಾವ ಆ ಇಲ್ಲದ ಬಾರ್‌ನಲ್ಲಿಯೇ ಇರುವುದರಿಂದ, ಎಷ್ಟು ನಿಧಾನವಾಗಿ ಹಾಡಿದರೂ ಏಳನ್ನು ಏಳಾಗಿಯೇ ಉಳಿಸಿಕೊಳ್ಳಬೇಕೆಂದು ನಾವು ತಾಲೀಮಿನಲ್ಲಿ ಬೆರಳೆಣಿಸಿ ಅಭ್ಯಾಸ ಮಾಡಿದೆವು.

ಶ್ರುತಿಯ ವಿಷಯವನ್ನು ವಯಸ್ಸಾದ ಗಾಯಕಿಯರು ಮುಚ್ಚಿಡಬಾರದು. ಮುಟ್ಟು ನಿಂತ ಮೇಲೆ ಹೆಂಗಸರ ಧ್ವನಿ ತಗ್ಗುತ್ತದೆ, ಮೇಲಿನ ಸ್ವರಗಳು ಬಿಗಿಯಾಗುತ್ತವೆ, ಉಸಿರು ಮೊದಲಿನಷ್ಟು ದೂರ ಬರುವುದಿಲ್ಲ. ನಮ್ಮ ಕಛೇರಿಯಲ್ಲಿ ಒಂದೇ ಆಧಾರ ಶ್ರುತಿ ಕೊನೆಯವರೆಗೂ ಇರುತ್ತದೆ. ಇಲ್ಲಿ ಪ್ರತಿ ಹಾಡಿಗೂ ಅದರದೇ ಶ್ರುತಿ. ಹಾಡಿನ ಅತಿ ಎತ್ತರದ ಸ್ವರ ನಿಲುಕುತ್ತದೆಯೇ ಎಂದು ನೋಡಿ ಶ್ರುತಿ ಗೊತ್ತುಮಾಡುವುದು ರೂಢಿ. ನಾನು ಹಾಡಿನ ಅತಿ ಮುಖ್ಯವಾದ ಪದವನ್ನು ಮೊದಲು ಗುರುತಿಸಿ, ಅದು ನನ್ನ ಮಾತಿನ ಧ್ವನಿಯ ಮಟ್ಟದಲ್ಲಿ ಬೀಳುವಂತೆ ಶ್ರುತಿ ಇಳಿಸಿದೆ. ಶ್ರುತಿ ಇಳಿದಾಗ ಪಿಯಾನೊದ ಎಡಗೈ ಸ್ವರಗಳು ಒಂದಕ್ಕೊಂದು ಮೆತ್ತಿಕೊಂಡು ಮಂಕಾಗುವುದರಿಂದ, ವಾದಕರು ಸ್ವರಗುಚ್ಛಗಳನ್ನು ಬಿಡಿಸಿ, ಕಡಿಮೆ ಸ್ವರಗಳಲ್ಲಿ ನುಡಿಸಬೇಕಾಯಿತು. ಮೈಕಿನದೂ ಇಂಥದ್ದೇ ಗುಣ: ಬಾಯಿಗೆ ಹತ್ತಿರ ಹಿಡಿದಷ್ಟೂ ತಗ್ಗಿನ ಧ್ವನಿಯನ್ನು ಉಬ್ಬಿಸಿ ವ್ಯಂಜನಗಳನ್ನು ನುಂಗುತ್ತದೆ. ನಾಲ್ಕು ಬೆರಳಿನ ಅಂತರ ನನಗೆ ಸರಿಹೋಯಿತು.

ಗಾಯಕಿ, ಗೀತರಚನಕಾರ್ತಿ ಜೋನಿ ಮಿಚೆಲ್ ಅವರು ಇಪ್ಪತ್ತರ ಹರೆಯದಲ್ಲಿ ಬರೆದ 'ಬೋತ್ ಸೈಡ್ಸ್ ನೌ' ಹಾಡನ್ನು 1969ರ ತಮ್ಮ ಆಲ್ಬಮ್ಮಿನಲ್ಲಿ ತಾರಸ್ವರದಲ್ಲಿ ಹಾಡಿದ್ದಾರೆ. 2000ದಲ್ಲಿ ಆರ್ಕೆಸ್ಟ್ರಾದೊಂದಿಗೆ ಮತ್ತೆ ಹಾಡುವಾಗ ಅವರ ಕಂಠ ಬಹಳ ಕೆಳಗಿಳಿದಿತ್ತು. ಎರಡನ್ನೂ ಒಂದರ ಮೇಲೊಂದು ಕೇಳಿ ನೋಡಿ. ಬದುಕಿನ ಎರಡೂ ಮಗ್ಗುಲು ಕಂಡಿದ್ದೇನೆ ಎಂಬ ಅದರ ಮಾತು ಎರಡನೆಯ ಮುದ್ರಣದಲ್ಲಿ ನಂಬುವಂತೆ ಕೇಳುತ್ತದೆ. ತಗ್ಗಿದ ಕಂಠವನ್ನು ನಷ್ಟವೆಂದು ಎಣಿಸುವುದನ್ನು ನಾನು ನಿಲ್ಲಿಸಿದ್ದಕ್ಕೆ ಆ ಮುದ್ರಣವೂ ಒಂದು ಕಾರಣ.

ಪ್ರತಿ ಹಾಡನ್ನೂ ಮೊದಲು ಓದಿದೆ. ರಾಗವಿಲ್ಲದೆ, ಗಟ್ಟಿಯಾಗಿ, ಪತ್ರ ಓದುವ ಹಾಗೆ. ಎಲ್ಲಿ ಸಹಜವಾಗಿ ನಿಲ್ಲುತ್ತೇನೋ ಅಲ್ಲಿ ಗೆರೆ ಹಾಕಿ, ಹಾಡುವಾಗಲೂ ಅಲ್ಲಿಯೇ ಉಸಿರು ತೆಗೆದುಕೊಂಡೆ. ಈ ಕ್ರಮ ನನಗೆ ಬಂದದ್ದು ಭಾವಗೀತೆಯಿಂದ. ಮೈಸೂರು ಅನಂತಸ್ವಾಮಿ ಅವರೂ ಸಿ. ಅಶ್ವಥ್ ಅವರೂ ಕವಿತೆಯ ಸಾಲನ್ನು ತಾಳಕ್ಕೆ ಒಪ್ಪಿಸದೆ ಅರ್ಥಕ್ಕೆ ಒಪ್ಪಿಸಿ ಹಾಡುತ್ತಿದ್ದುದನ್ನು ಕೇಳಿ ಬೆಳೆದವರಿಗೆ, ಕ್ಯಾಬರೆ ಬೇಡುವ ಶಿಸ್ತು ಅಪರಿಚಿತವಲ್ಲ. ಇಂಗ್ಲಿಷಿನ ಪದಗಳಲ್ಲಿ ಒತ್ತು ಬೀಳುವ ಜಾಗಗಳನ್ನು ಮಾತ್ರ ನಾನು ಪ್ರಯತ್ನಪಟ್ಟು ಸರಿಮಾಡಿಕೊಳ್ಳಬೇಕಾಯಿತು.

ಹಾಡುಗಳ ನಡುವಿನ ಮಾತನ್ನು ಬರೆದು ಬಾಯಿಪಾಠ ಮಾಡಿದೆ, ಏಕೆಂದರೆ ಸಿದ್ಧತೆಯಿಲ್ಲದ ಮಾತು ಬೆಳೆಯುತ್ತದೆ ಮತ್ತು ಒಂದು ಗಂಟೆಯಲ್ಲಿ ಹನ್ನೆರಡು ಹದಿಮೂರು ಹಾಡುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ರಚನಕಾರರ ಬಗ್ಗೆ ಒಂದೆರಡು ಸಾಲು, ರೇಡಿಯೊ ಸಿಲೋನಿನ ನೆನಪು ಒಮ್ಮೆ, ಅಷ್ಟೇ. ಮೊದಲ ಎರಡು ಹಾಡುಗಳಿಗೆ ಮಾತೇ ಇಲ್ಲ. ಅಷ್ಟು ಹೊತ್ತಿಗೆ ಪಾನೀಯಗಳ ಹಂಚಿಕೆ ಮುಗಿದು, ಬಡಿಸುವವರ ಓಡಾಟ ನಿಂತಿರುತ್ತದೆ. ಅತಿ ನಿಧಾನದ ಹಾಡನ್ನು ಅದಕ್ಕಿಂತ ಮೊದಲು ಇಡಬಾರದು. ಬಿಲ್ಲು ತರುವ ಸಮಯ ಕೊನೆಯ ಹಾಡುಗಳ ಮೇಲೆಯೇ ಬೀಳುವುದುಂಟು, ಆದ್ದರಿಂದ ಕೋಣೆಯ ವ್ಯವಸ್ಥಾಪಕರೊಂದಿಗೆ ಮೊದಲೇ ಮಾತಾಡಿ ಬಿಲ್ಲುಗಳನ್ನು ಹನ್ನೊಂದನೆಯ ಹಾಡಿಗೆ, ಲಯ ಚುರುಕಾಗಿರುವ ಹೊತ್ತಿಗೆ, ತರಿಸುವಂತೆ ಗೊತ್ತುಮಾಡಿಕೊಳ್ಳುತ್ತೇನೆ. ಮುಂದಿನ ಕಾರ್ಯಕ್ರಮಕ್ಕೆ ಬೇಸ್ ವಾದ್ಯವನ್ನೂ ಬಿಟ್ಟು, ಪಿಯಾನೊ ಒಂದರ ಜೊತೆಗೆ ಹಾಡುವ ತಾಲೀಮು ಈಗ ನಡೆದಿದೆ. 'ವಿಚಿಟಾ ಲೈನ್‌ಮನ್' ಹಾಡಿನ ಆ ಖಾಲಿ ಜಾಗದಲ್ಲಿ ಪಿಯಾನೊ ಎಷ್ಟು ಕಡಿಮೆ ನುಡಿಸಬಹುದು ಎಂಬುದನ್ನು ನಾವಿಬ್ಬರೂ ಇನ್ನೂ ಹುಡುಕುತ್ತಿದ್ದೇವೆ.